ಗಡ್ಡದ ಓತಿಗೆ ನಾಲ್ಕಡಿ ಬಿಸಿಲು: ಬಿಯರ್ಡೆಡ್ ಡ್ರ್ಯಾಗನ್‌ಗೆ ಗೂಡು ಮಾಡುವ ಬಗೆ

ಊರಲ್ಲಿ ಬೆಳೆದವರಿಗೆಲ್ಲ ಓತಿಕ್ಯಾತ ಗೊತ್ತು. ಮಧ್ಯಾಹ್ನದ ಬಿಸಿಲಿಗೆ ಬೇಲಿ ಮೇಲೆ ಕತ್ತೆತ್ತಿ ಕೂತಿರುತ್ತದೆ, ಹತ್ತಿರ ಹೋದರೆ ದಂಡ ಹೊಡೆಯುವ ಹಾಗೆ ಮೈ ಏರಿಸಿ ಇಳಿಸುತ್ತದಲ್ಲ, ಅದೇ. ಬಿಯರ್ಡೆಡ್ ಡ್ರ್ಯಾಗನ್ ಅದರ ದೂರದ ನೆಂಟ. ಎರಡೂ ಅಗಾಮಿಡ್ ಕುಟುಂಬದವು. ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲು, ಕುರುಚಲು ಕಾಡು ಇದರ ತವರು. ಗಂಟಲ ಕೆಳಗೆ ಮುಳ್ಳುಮುಳ್ಳಾದ ಚರ್ಮ ಇದೆ, ಸಿಟ್ಟು ಬಂದರೆ ಅದನ್ನು ಉಬ್ಬಿಸಿ ಕಪ್ಪು ಮಾಡಿಕೊಳ್ಳುತ್ತದೆ. ಅದೇ ಗಡ್ಡ. ನಮ್ಮ ಮನೆಯಲ್ಲಿ ಗಡ್ಡದ ಓತಿ ಅಂತಲೇ ಕರೆಯುವುದು.

ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಮಗಳು ಎರಡು ವರ್ಷ ಹಟ ಹಿಡಿದ ಮೇಲೆ ಒಂದು ಮರಿ ತಂದೆವು. ಮೈ ಬಣ್ಣ ನೋಡಿ ಅವಳೇ ಬೆಲ್ಲ ಅಂತ ಹೆಸರಿಟ್ಟಳು. ಜೊತೆಗೆ ಅಂಗಡಿಯವರು ಕೊಟ್ಟ "ಎಲ್ಲ ಇರುವ" ಕಿಟ್ಟೂ ಬಂತು. ಎರಡಡಿಯ ಗಾಜಿನ ತೊಟ್ಟಿ, ಕೆಂಪು ಬಲ್ಬು, ಸುರುಳಿ ಆಕಾರದ ಸಣ್ಣ ಯುವಿ (ನೇರಳಾತೀತ ಕಿರಣದ) ಬಲ್ಬು, ಹಿಂದಿನ ಗಾಜಿಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರ್, ಕೆಳಗೆ ಹಾಸಲು ಕ್ಯಾಲ್ಸಿಯಂ ಮರಳು. ಮೂರು ವಾರಕ್ಕೆ ಮರಿ ಸರಿಯಾಗಿ ತಿನ್ನುವುದು ಬಿಟ್ಟಿತು. ಹಿಂಗಾಲು ಸಣ್ಣಗೆ ನಡುಗುತ್ತಿತ್ತು. ಸರೀಸೃಪಗಳನ್ನು ನೋಡುವ ವೈದ್ಯೆಯ ಹತ್ತಿರ ಓಡಿದೆವು. ಮೂಳೆ ಮೆತ್ತಗಾಗುವ ಕಾಯಿಲೆಯ ಶುರು ಅಂದರು. ಔಷಧ ಬರೆದುಕೊಟ್ಟರು, ಆದರೆ ಅರ್ಧ ಗಂಟೆ ಮಾತಾಡಿದ್ದು ಗೂಡಿನ ಬಗ್ಗೆಯೇ. ಮನೆಗೆ ಬಂದು ಮರಿ ಮೈ ಕಾಯಿಸಲು ಕೂರುವ ಕಲ್ಲಿನ ಬಿಸಿ ಅಳೆದರೆ ಬರೀ 29 ಡಿಗ್ರಿ ಇತ್ತು. ಗಾಜಿನ ಮೇಲಿನ ಮುಳ್ಳು ಮಾತ್ರ ದಿನಾ 38 ತೋರಿಸುತ್ತಿತ್ತು, ಏಕೆಂದರೆ ಅದು ಬಲ್ಬಿನ ಪಕ್ಕದಲ್ಲೇ ಅಂಟಿಕೊಂಡಿತ್ತು.

ಆ ಮರಿ ಬದುಕಿತು, ಈಗ ನಾಲ್ಕು ವರ್ಷ. ನಿಮ್ಮ ಮರಿ ಆ ಕಷ್ಟ ಪಡಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಹಾಗಾಗಿ ಮೊದಲ ಮಾತು: ಪ್ರಾಣಿ ಕೊನೆಗೆ ಬರಲಿ. ಗೂಡು ಮೊದಲು ಬರಲಿ, ಒಂದು ವಾರ ಖಾಲಿಯಾಗಿಯೇ ಓಡಲಿ.

ಒಂದು ವಿಷಯ ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ಸುಲಭ. ನಮ್ಮ ಮೈ ತಾನೇ ಬಿಸಿಯಾಗುತ್ತದೆ, ಓತಿಯ ಮೈ ಆಗುವುದಿಲ್ಲ. ಅದು ಬಿಸಿ ಬೇಕಾದರೆ ಬಿಸಿಲಿಗೆ ನಡೆಯುತ್ತದೆ, ಸಾಕಾದರೆ ನೆರಳಿಗೆ ನಡೆಯುತ್ತದೆ. ತಿಂದದ್ದು ಅರಗುವುದಕ್ಕೂ ಈ ಓಡಾಟವೇ ಬೇಕು. ಅಂದರೆ ನೀವು ಮಾಡುತ್ತಿರುವುದು ಪೆಟ್ಟಿಗೆ ಅಲ್ಲ, ಒಂದು ತುದಿಯಲ್ಲಿ ಸುಡು ಬಿಸಿಲು, ಇನ್ನೊಂದು ತುದಿಯಲ್ಲಿ ಮರದ ನೆರಳು, ಮಧ್ಯೆ ನಡೆಯುವ ದಾರಿ. ಇಡೀ ಪೆಟ್ಟಿಗೆ ಒಂದೇ ಸಮ ಬೆಚ್ಚಗಿದ್ದರೆ ಅದು ಒಲೆ ಆಗುತ್ತದೆ ಅಷ್ಟೇ.

ಪೆಟ್ಟಿಗೆ ಮತ್ತು ಜಾಗ

ದೊಡ್ಡದಾದ ಓತಿ ಬಾಲ ಸೇರಿ 45ರಿಂದ 60 ಸೆಂಟಿಮೀಟರ್ ಉದ್ದ ಇರುತ್ತದೆ. ಹಾಗಾಗಿ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ ಕನಿಷ್ಠ ಅಂತ ಇಟ್ಟುಕೊಳ್ಳಿ. ದೊಡ್ಡದಿದ್ದರೆ ಇನ್ನೂ ಒಳ್ಳೆಯದು. ಮರಿಗೆ ಸಣ್ಣದು ಸಾಕು, ಆಮೇಲೆ ದೊಡ್ಡದು ಕೊಂಡರಾಯಿತು ಅನ್ನುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಒಂದು ವರ್ಷದೊಳಗೆ ಅದು ಬಹುಪಾಲು ಬೆಳೆದಿರುತ್ತದೆ, ನಿಮ್ಮ ದುಡ್ಡು ಎರಡು ಸಲ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ ಎರಡಡಿಯಲ್ಲಿ ಬಿಸಿಲನ್ನೂ ನೆರಳನ್ನೂ ಬೇರೆಬೇರೆ ಮಾಡುವುದು ಆಗದ ಕೆಲಸ. ದೊಡ್ಡ ಗೂಡಿನಲ್ಲಿ ಮರಿ ಹೆದರುವಂತೆ ಕಂಡರೆ ಅಡಗಲು ಇನ್ನೆರಡು ಜಾಗ ಜಾಸ್ತಿ ಕೊಡಿ.

ಇಲ್ಲಿ ಮುಂದೆ ಜಾರುವ ಗಾಜಿನ ಬಾಗಿಲಿರುವ ಮರದ ಗೂಡು ಸಿಗುತ್ತದೆ, ವಿವೇರಿಯಂ ಅನ್ನುತ್ತಾರೆ. ಮರ ಬಿಸಿಯನ್ನು ಹಿಡಿದಿಡುತ್ತದೆ, ಮೂರು ಕಡೆ ಮುಚ್ಚಿರುವುದರಿಂದ ಪ್ರಾಣಿಗೂ ಧೈರ್ಯ. ಊರಲ್ಲಿ ಬಡಗಿಯಿಂದ ಪ್ಲೈವುಡ್‌ನಲ್ಲಿ ಮಾಡಿಸಬಹುದು, ಒಳಗಿನ ಮೂಲೆಗಳಿಗೆ ಮೀನಿನ ತೊಟ್ಟಿಗೆ ಬಳಸುವ ಸಿಲಿಕಾನ್ ಎಳೆಯಿರಿ, ವಾಸನೆ ಪೂರ್ತಿ ಹೋಗುವ ತನಕ ಬಿಸಿಲಿಗಿಡಿ. ಗಾಳಿ ಕಿಂಡಿ ತಂಪು ತುದಿಯಲ್ಲಿ ಕೆಳಗಿರಲಿ, ಬಿಸಿ ತುದಿಯಲ್ಲಿ ಮೇಲಿರಲಿ. ಬಿಸಿ ಗಾಳಿ ಮೇಲಿನಿಂದ ಹೊರಗೆ ಹೋಗುತ್ತಾ ಕೆಳಗಿನಿಂದ ತಂಪು ಗಾಳಿಯನ್ನು ಎಳೆದುಕೊಳ್ಳುತ್ತದೆ. ಈ ಒಂದು ತೂತಿನ ಲೆಕ್ಕ ತಪ್ಪಿದರೆ ಒಳಗೆ ತೇವ ನಿಲ್ಲುತ್ತದೆ.

ಗೂಡನ್ನು ನೆಲದ ಮೇಲೆ ಇಡಬೇಡಿ. ಹದ್ದು, ಕಾಗೆಗಳ ಭಯ ಇವುಗಳ ರಕ್ತದಲ್ಲೇ ಇದೆ, ಮೇಲಿನಿಂದ ಕೈ ಬಂದರೆ ಬೆದರುತ್ತವೆ. ನಮ್ಮ ಎದೆ ಎತ್ತರಕ್ಕೆ ಗಟ್ಟಿ ಮೇಜಿನ ಮೇಲಿದ್ದರೆ ಒಳ್ಳೆಯದು. ಅಡುಗೆಮನೆ ಒಗ್ಗರಣೆ ಹೊಗೆ, ದೇವರ ಮನೆಯ ಊದುಬತ್ತಿ ಹೊಗೆ ಎರಡರಿಂದಲೂ ದೂರ ಇರಲಿ. ಕಿಟಕಿಯ ನೇರ ಬಿಸಿಲೂ ಬೇಡ. ಅಮ್ಮ ಬಂದಾಗ ದಿನಾ ಹೇಳೋಳು, "ಕಿಟಕಿ ಹತ್ರ ಇಡೋ, ಪಾಪ, ಸುಮ್ನೆ ಯಾಕೆ ಕರೆಂಟು ಸುಡ್ತೀಯ?" ಅಂತ. ಕೇಳೋಕೆ ಸರಿ ಅನ್ನಿಸುತ್ತದೆ ಅಲ್ವಾ? ಆದರೆ ಕಿಟಕಿ ಗಾಜು ಯುವಿಯಲ್ಲಿ ಮೂಳೆಗೆ ಬೇಕಾದ ಯುವಿಬಿ ಅನ್ನುವ ಕಿರಣವನ್ನು ಹೆಚ್ಚುಕಮ್ಮಿ ಪೂರ್ತಿ ತಡೆದುಬಿಡುತ್ತದೆ, ಬಿಸಿಯನ್ನು ಮಾತ್ರ ಒಳಗೆ ಬಿಡುತ್ತದೆ. ಬೇಕಾದದ್ದು ಬರುವುದಿಲ್ಲ, ಗಾಜಿನ ಗೂಡಾದರೆ ಕಾದು ಪ್ರಾಣಿಯೇ ಹೋಗಬಹುದು.

ಬಿಸಿಲು ಕಟ್ಟುವುದು

ಎಲ್ಲಕ್ಕಿಂತ ಜಾಸ್ತಿ ಹೊತ್ತು, ಜಾಸ್ತಿ ದುಡ್ಡು ಇಲ್ಲಿಗೇ ಹೋಗಲಿ. ಸೂರ್ಯ ಎರಡು ಕೆಲಸ ಮಾಡುತ್ತಾನೆ, ಬಿಸಿ ಕೊಡುತ್ತಾನೆ, ಯುವಿ ಕೊಡುತ್ತಾನೆ. ನಮಗೆ ಆ ಎರಡಕ್ಕೂ ಬೇರೆಬೇರೆ ದೀಪ ಬೇಕು.

ಬಿಸಿಗೆ ಬಿಳಿ ಬೆಳಕಿನ ಹ್ಯಾಲೊಜೆನ್ ಫ್ಲಡ್ ಬಲ್ಬು ಹಾಕಿ. ಕೆಂಪು, ನೀಲಿ ಬಲ್ಬು ಬೇಡ. ಓತಿಗಳ ಕಣ್ಣಿಗೆ ಬಣ್ಣ ಚೆನ್ನಾಗಿ ಕಾಣುತ್ತದೆ, ಇಡೀ ದಿನ ಕೆಂಪು ಕೋಣೆಯಲ್ಲಿ ಯಾರಿಗೆ ತಾನೇ ನೆಮ್ಮದಿ? ಹಾಗೆಯೇ ಕೆಳಗಿನಿಂದ ಕಾಯುವ ಬಿಸಿಕಲ್ಲು, ಹೀಟ್ ಮ್ಯಾಟ್ ಕೂಡ ಬೇಡ. ಬಿಸಿ ಮೇಲಿನಿಂದ ಬಂದಾಗ ಇವುಗಳಿಗೆ ಗೊತ್ತಾಗುತ್ತದೆ. ಹೊಟ್ಟೆ ಕೆಳಗಿನಿಂದ ಬಂದರೆ ಸುಡುವ ತನಕವೂ ಕೂತೇ ಇರುವುದುಂಟು.

ಒಂದು ಬಲ್ಬು ಸಾಕಾ, ಎರಡು ಬೇಕಾ ಅಂತ ಕೇಳುತ್ತಾರೆ. ಮರಿಗೆ ಒಂದು ಸಾಕು. ದೊಡ್ಡ ಓತಿಗೆ ಒಂದೇ ಕಿರಿದಾದ ಬಲ್ಬು ಹಾಕಿದರೆ ಬೆನ್ನ ನಡುವೆ ಒಂದು ರೂಪಾಯಿಯಷ್ಟು ಜಾಗ ಕಾಯುತ್ತದೆ, ಭುಜ ಮತ್ತು ಸೊಂಟ ತಣ್ಣಗೇ ಉಳಿಯುತ್ತವೆ. ಮೈಯೆಲ್ಲ ಬೆಚ್ಚಗಾಗಲಿ ಅಂತ ಅದು ಅಲ್ಲೇ ಕೂತಿರುತ್ತದೆ, ಬೆನ್ನು ಸುಟ್ಟುಕೊಳ್ಳುತ್ತದೆ. ನಮ್ಮಲ್ಲಿ 50 ವ್ಯಾಟಿನ ಎರಡು ಬಲ್ಬು ಅಕ್ಕಪಕ್ಕ ಇವೆ, ಅವುಗಳ ಬೆಳಕು ಒಂದಕ್ಕೊಂದು ಸೇರಿ ಬೆಲ್ಲನ ಇಡೀ ಮೈ ಮೇಲೆ ಬೀಳುತ್ತದೆ. ಬಲ್ಬು ಗೂಡಿನೊಳಗೇ ಇದ್ದರೆ ಅದರ ಸುತ್ತ ತಂತಿ ಪಂಜರ ಹಾಕಲೇಬೇಕು. ಓತಿಗಳು ಜಿಗಿಯುತ್ತವೆ.

ಬಲ್ಬಿನ ಕೆಳಗೆ ಕೂರುವ ಕಲ್ಲು. ನಾನು ಹಾಕಿರುವುದು ಸ್ಲೇಟ್ ಟೈಲು, ನೋಡಲು ನಮ್ಮ ಕಡಪ ಕಲ್ಲಿನ ಹಾಗೆ ಕಪ್ಪಗೆ ಇದೆ. ಎರಡು ಇಟ್ಟಿಗೆ ಮೇಲೆ ಅಲುಗಾಡದ ಹಾಗೆ ಕೂರಿಸಿದ್ದೇನೆ. ಇಟ್ಟಿಗೆ ಪೆಟ್ಟಿಗೆಯ ತಳಕ್ಕೇ ತಾಗಿರಲಿ, ಮಣ್ಣಿನ ಮೇಲೆ ಇಡಬೇಡಿ, ಓತಿ ಕೆಳಗೆ ತೋಡಿದರೆ ಕಲ್ಲು ಅದರ ಮೇಲೆ ಬೀಳುತ್ತದೆ. ಈ ಕಲ್ಲಿನ ಮೇಲ್ಮೈ 40ರಿಂದ 43 ಡಿಗ್ರಿ ಸೆಲ್ಸಿಯಸ್ ಇರಬೇಕು. ತಂಪು ತುದಿಯ ಗಾಳಿ 24ರಿಂದ 27. ರಾತ್ರಿ ಎಲ್ಲ ದೀಪ ಆರಿಸಿ, ಮನೆ 18 ಡಿಗ್ರಿಗೆ ಇಳಿದರೂ ಚಿಂತೆಯಿಲ್ಲ, ಅವುಗಳ ತವರಿನಲ್ಲೂ ರಾತ್ರಿ ತಂಪೇ. ಅದಕ್ಕಿಂತ ಕೆಳಗೆ ಹೋಗುವ ಮನೆಯಾದರೆ ಬೆಳಕು ಕೊಡದ ಸೆರಾಮಿಕ್ ಹೀಟರ್ ಒಂದು ಹಾಕಿ.

ಅಳೆಯುವುದಕ್ಕೆ ಎರಡು ಬಗೆಯ ಸಾಧನ ಬೇಕು. ಕಲ್ಲಿನ ಮೇಲ್ಮೈಗೆ ಇನ್‌ಫ್ರಾರೆಡ್ ಗನ್, ಗಾಳಿಗೆ ತಂತಿ ಇರುವ ಡಿಜಿಟಲ್ ಥರ್ಮಾಮೀಟರ್ ಎರಡು, ಒಂದೊಂದು ತುದಿಗೆ ಒಂದೊಂದು. ಹ್ಯಾಲೊಜೆನ್‌ಗೆ ಡಿಮ್ಮಿಂಗ್ ಥರ್ಮೋಸ್ಟ್ಯಾಟ್ ಜೋಡಿಸಿ, ಅದು ಬಲ್ಬನ್ನು ಪಟಪಟ ಆರಿಸಿ ಹಚ್ಚುವುದಿಲ್ಲ, ಮೆಲ್ಲಗೆ ಏರಿಸಿ ಇಳಿಸುತ್ತದೆ. ಅದರ ಪ್ರೋಬನ್ನು, ಅಂದರೆ ಬಿಸಿ ಅಳೆಯುವ ತಂತಿ ತುದಿಯನ್ನು, ಗಟ್ಟಿಯಾಗಿ ಬಿಗಿಯಿರಿ. ಓತಿ ಅದನ್ನು ಎಳೆದು ತಂಪು ಕಡೆ ಹಾಕಿದರೆ ಥರ್ಮೋಸ್ಟ್ಯಾಟು ಚಳಿ ಅಂದುಕೊಂಡು ಬಲ್ಬನ್ನು ಪೂರ್ತಿ ಉರಿಸುತ್ತದೆ. ಬಿಸಿ ಜಾಸ್ತಿಯಾದರೆ ಬಲ್ಬಿನ ವ್ಯಾಟ್ ಇಳಿಸಿ ಅಥವಾ ಕಲ್ಲನ್ನು ಒಂದೊಂದು ಇಂಚು ಕೆಳಗೆ ತನ್ನಿ. ಪ್ರತಿ ಬದಲಾವಣೆಗೂ ಎರಡು ಗಂಟೆ ಕಾದು ಅಳೆಯಿರಿ. ಕಲ್ಲು ಬಿಸಿಯಾಗಲು ಹೊತ್ತು ಬೇಕು, ಅವಸರದಲ್ಲಿ ಅಳೆದರೆ ಸುಳ್ಳು ಹೇಳುತ್ತದೆ.

ಇನ್ನು ಯುವಿ. ಚರ್ಮದ ಮೇಲೆ ಯುವಿಬಿ ಬಿದ್ದರೆ ವಿಟಮಿನ್ ಡಿ3 ತಯಾರಾಗುತ್ತದೆ, ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ಆಗ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆದುಕೊಳ್ಳುತ್ತದೆ. ನಮ್ಮ ಮರಿಯ ಕಾಲು ನಡುಗಿದ್ದು ಇದಕ್ಕೇ. ಸುರುಳಿ ಬಲ್ಬು ಸಾಲದು. ಟಿ5 ಹೈ ಔಟ್‌ಪುಟ್ ಅನ್ನುವ ಉದ್ದ ಟ್ಯೂಬು, ಯುವಿಬಿ 10ರಿಂದ 14 ಪರ್ಸೆಂಟ್ ಅಂತ ಬರೆದಿರುವುದು ತನ್ನಿ. ಆರ್ಕೇಡಿಯಾ, ಝೂ ಮೆಡ್ ಎರಡೂ ಕಂಪನಿಯವು ಸಿಗುತ್ತವೆ. ಟ್ಯೂಬಿನ ಉದ್ದ ಗೂಡಿನ ಅರ್ಧಕ್ಕಿಂತ ತುಸು ಜಾಸ್ತಿ ಇರಲಿ, ಪೂರ್ತಿ ಬೇಡ, ನೆರಳಿಗೆ ಜಾಗ ಉಳಿಯಬೇಕು. ಟ್ಯೂಬು ಬಿಸಿ ಬಲ್ಬಿನ ಪಕ್ಕದಲ್ಲೇ, ಅದೇ ತುದಿಯಲ್ಲಿ, ತಲೆ ಮೇಲೆ ಇರಲಿ. ಬದಿಯಿಂದ ಬೆಳಕು ಬಿದ್ದರೆ ಕಣ್ಣಿಗೆ ನೇರ ಹೊಡೆಯುತ್ತದೆ. ಮೇಲಿನಿಂದ ಬಂದರೆ ಹುಬ್ಬಿನ ಏಣು ನೆರಳು ಕೊಡುತ್ತದೆ.

ಟ್ಯೂಬಿನಿಂದ ಓತಿಯ ಬೆನ್ನಿಗೆ ಎಷ್ಟು ದೂರ ಅನ್ನುವುದು ಟ್ಯೂಬಿನ ಡಬ್ಬದ ಮೇಲೇ ಇರುತ್ತದೆ. ಮಧ್ಯೆ ಜಾಲರಿ ಇಲ್ಲದ ಗೂಡಿನಲ್ಲಿ 12 ಪರ್ಸೆಂಟ್ ಟ್ಯೂಬಿಗೆ ಸುಮಾರು 30ರಿಂದ 40 ಸೆಂಟಿಮೀಟರ್. ಜಾಲರಿಯ ಮೇಲೆ ಟ್ಯೂಬು ಇಟ್ಟಿದ್ದರೆ ಆ ಜಾಲರಿ ಮೂರನೇ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಯುವಿ ತಿಂದುಹಾಕುತ್ತದೆ, ಆಗ ಕಲ್ಲನ್ನು ಹತ್ತಿರ ತರಬೇಕು. ಸೋಲಾರ್‌ಮೀಟರ್ 6.5 ಅನ್ನುವ ಯಂತ್ರದಲ್ಲಿ ಅಳೆದರೆ ಕೂರುವ ಜಾಗದಲ್ಲಿ ಯುವಿ ಸೂಚ್ಯಂಕ, ಅಂದರೆ ಯುವಿ ಎಷ್ಟು ಜೋರು ಅನ್ನುವ ಅಂಕೆ, 4ರಿಂದ 6ರೊಳಗೆ ಬರಬೇಕು. ಯಂತ್ರ ದುಬಾರಿ, ಸ್ನೇಹಿತರಲ್ಲಿ ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ. ಟ್ಯೂಬು ಉರಿಯುತ್ತಿದೆ ಅಂದ ಮಾತ್ರಕ್ಕೆ ಯುವಿ ಬರುತ್ತಿದೆ ಅಂತಲ್ಲ. ಕಣ್ಣಿಗೆ ಬೆಳಕು ಹಾಗೇ ಕಾಣುತ್ತದೆ, ಒಳಗೆ ಯುವಿ ಇಳಿದಿರುತ್ತದೆ. ವರ್ಷಕ್ಕೊಮ್ಮೆ ಬದಲಿಸಿ. ಹಾಕಿದ ದಿನವೇ ಟ್ಯೂಬಿನ ತುದಿಯಲ್ಲಿ ಮಾರ್ಕರ್‌ನಿಂದ ತಾರೀಖು ಬರೆಯಿರಿ, ಇಲ್ಲದಿದ್ದರೆ ಖಂಡಿತ ಮರೆಯುತ್ತದೆ.

ಎಲ್ಲವನ್ನೂ ಟೈಮರಿಗೆ ಹಾಕಿ. ಬೇಸಿಗೆಯಲ್ಲಿ 13-14 ಗಂಟೆ, ಚಳಿಗಾಲದಲ್ಲಿ 10-11 ಗಂಟೆ ಸಾಕು. ಕರೆಂಟಿನ ಲೆಕ್ಕ ಕೇಳುವವರಿಗೆ: ನಮ್ಮ ಎರಡು ಬಲ್ಬು, 39 ವ್ಯಾಟಿನ ಟ್ಯೂಬು ಸೇರಿ 12 ಗಂಟೆಗೆ ಹೆಚ್ಚೆಂದರೆ 1.7 ಯೂನಿಟ್.

ನೆಲ, ಕೊಂಬೆ, ನೀರು

ಮರಿ ಬಂದ ಮೊದಲ ಒಂದೆರಡು ತಿಂಗಳು ಬರೀ ಪೇಪರ್ ಟವೆಲ್ ಹಾಸಿ. ನೋಡಲು ಚೆಂದ ಇರುವುದಿಲ್ಲ, ಆದರೆ ಮಲ ಹೇಗಿದೆ, ಹುಳು ಇದೆಯಾ ಅಂತ ಸ್ಪಷ್ಟವಾಗಿ ಕಾಣುತ್ತದೆ. ಒಂದು ಸಲ ಮಲ ಪರೀಕ್ಷೆ ಮಾಡಿಸಿ, ಸರಿ ಇದೆ ಅಂದ ಮೇಲೆ ಮಣ್ಣು ಹಾಕಿ.

ಗೊಬ್ಬರ ಬೆರೆಸದ ಮೇಲ್ಮಣ್ಣು ಎರಡು ಪಾಲು, ಮಕ್ಕಳು ಆಡುವ ತೊಳೆದ ಮರಳು ಒಂದು ಪಾಲು. ನೀರು ಚಿಮುಕಿಸಿ, ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿ, 10 ಸೆಂಟಿಮೀಟರ್ ದಪ್ಪಕ್ಕೆ ಅಂಗೈಯಿಂದ ಗಟ್ಟಿಯಾಗಿ ಒತ್ತಿ. ದೀಪ ಹಚ್ಚಿ ಮೂರು ನಾಲ್ಕು ದಿನ ಒಣಗಲು ಬಿಡಿ. ಸಗಣಿ ಸಾರಿಸಿದ ಅಂಗಳ ಒಣಗಿದ ಹಾಗೆ ಮೇಲ್ಪದರ ಗಟ್ಟಿಯಾಗುತ್ತದೆ, ಉಗುರಿನಿಂದ ಕೆರೆದರೆ ಮಾತ್ರ ಬಿಡುತ್ತದೆ. ಓತಿಗೆ ತೋಡುವುದು ಅಂದರೆ ಬಹಳ ಇಷ್ಟ, ಉಗುರೂ ತಾನೇ ಸವೆಯುತ್ತದೆ. ಕ್ಯಾಲ್ಸಿಯಂ ಮರಳು, ವಾಲ್‌ನಟ್ ಸಿಪ್ಪೆಯ ಪುಡಿ ಎರಡನ್ನೂ ತರಬೇಡಿ. ಮೊದಲನೆಯದು ನುಂಗಿದರೆ ಹೊಟ್ಟೆಯಲ್ಲಿ ಗಡ್ಡೆ ಕಟ್ಟಬಹುದು, ಎರಡನೆಯದು ಚೂಪು.

ಒಂದು ಕೊಂಬೆ ತಂಪು ಕಡೆಯಿಂದ ಕಲ್ಲಿನ ಕಡೆಗೆ ಓರೆಯಾಗಿ ಹೋಗಲಿ. ದಪ್ಪ ಅದರ ಮೈ ಅಗಲದಷ್ಟಾದರೂ ಇರಲಿ, ತೊಗಟೆ ಒರಟಾಗಿರಲಿ. ತಂಪು ತುದಿಯಲ್ಲಿ ಪೂರ್ತಿ ಮೈ ಹಿಡಿಸುವ ಕತ್ತಲೆ ಗುಹೆ ಒಂದು. ನಾನು ತೊಗಟೆಯ ಅರ್ಧ ಕೊಳವೆ ಇಟ್ಟಿದ್ದೇನೆ, ಒಡೆದ ಮಣ್ಣಿನ ಕುಂಡವೂ ಆಗುತ್ತದೆ, ಅಂಚು ಉಜ್ಜಿ ನುಣುಪು ಮಾಡಿ. ಅಗಲವಾದ ತಟ್ಟೆಯಲ್ಲಿ ನೀರು, ಅದೂ ತಂಪು ಕಡೆಗೇ. ಗಾಳಿಯ ತೇವ 30ರಿಂದ 40 ಪರ್ಸೆಂಟ್ ಒಳ್ಳೆಯದು. ಇಂಗ್ಲೆಂಡಿನ ಮಳೆಯಲ್ಲಿ 50 ಮುಟ್ಟುತ್ತದೆ, ಗಾಳಿ ಆಡಿದರೆ ತೊಂದರೆಯಿಲ್ಲ. ವಾರಗಟ್ಟಲೆ 60ರ ಮೇಲೆ ನಿಂತರೆ ಉಸಿರಾಟದ ಸೋಂಕು ಬರಬಹುದು, ಮಂಗಳೂರು, ಮಲೆನಾಡಿನ ಕಡೆ ಇದನ್ನು ಸಾಕುವುದು ಮಳೆಗಾಲದಲ್ಲಿ ನಿಜಕ್ಕೂ ಕಷ್ಟ.

ಒಂದು ಗೂಡಿಗೆ ಒಂದೇ ಪ್ರಾಣಿ. ಎರಡು ಮರಿ ಒಂದರ ಮೇಲೊಂದು ಕೂತಿದ್ದರೆ ನಾವು ಪ್ರೀತಿ ಅಂದುಕೊಳ್ಳುತ್ತೇವೆ, ಅದು ಬಿಸಿಲಿನ ಜಾಗಕ್ಕಾಗಿ ನಡೆಯುವ ಜಗಳ. ಕೆಳಗಿನದಕ್ಕೆ ಬಿಸಿಯೂ ಇಲ್ಲ, ಯುವಿಯೂ ಇಲ್ಲ, ಕೊನೆಗೆ ಬೆರಳೋ ಬಾಲದ ತುದಿಯೋ ಕಚ್ಚಿ ಹೋಗುತ್ತದೆ.

ಊಟದ ಬಗ್ಗೆ ಗೂಡಿಗೆ ಸಂಬಂಧಪಟ್ಟಷ್ಟೇ ಹೇಳುತ್ತೇನೆ. ಮರಿಗೆ ಹುಳು ಜಾಸ್ತಿ, ದೊಡ್ಡದಕ್ಕೆ ಸೊಪ್ಪು ಜಾಸ್ತಿ. ಹುಳುವಿಗೆ ಕ್ಯಾಲ್ಸಿಯಂ ಪುಡಿ ಸವರಿ. ತಿನ್ನದೆ ಉಳಿದ ಚಿಮ್ಮುಂಡೆಗಳನ್ನು ಸಂಜೆಯೇ ಹಿಡಿದು ತೆಗೆಯಿರಿ, ರಾತ್ರಿ ಅವು ಮಲಗಿದ ಓತಿಯನ್ನೇ ಕಚ್ಚುತ್ತವೆ. ಮಿಂಚುಹುಳ ಒಂದೇ ಒಂದು ತಿಂದರೂ ಸಾಯಬಹುದು, ಹೊರಗಿನ ಹುಳು ಹಿಡಿದು ಹಾಕುವ ಆಸೆ ಬೇಡ. ಅವಕಾಡೊ ಬೇಡ. ಪಾಲಕ್ ದಿನಾ ಬೇಡ.

ಗೂಡು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು ಮನೆಯ ಕಾನೂನಾಗಲಿ. ಆರೋಗ್ಯವಾಗಿರುವ ಓತಿಯ ಮಲದಲ್ಲೂ ನಮ್ಮ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಅದರ ತಟ್ಟೆಯನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡಿ. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಾದರೆ ಇನ್ನೂ ಸ್ವಲ್ಪ ವರ್ಷ ಕಾಯುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಇದು 10 ವರ್ಷಕ್ಕೂ ಜಾಸ್ತಿ ಬದುಕುವ ಪ್ರಾಣಿ, ಅವಸರ ಏನಿಲ್ಲ. ಬೆಂಗಳೂರಲ್ಲಿ ಕೊಳ್ಳುವವರು ಸಾಕಿದ ಮರಿಯನ್ನೇ ಬಿಲ್ ಸಮೇತ ತನ್ನಿ, ವಿದೇಶಿ ಪ್ರಾಣಿಗಳ ನೋಂದಣಿ ನಿಯಮವನ್ನು ಮೊದಲೇ ಅರಣ್ಯ ಇಲಾಖೆಯಲ್ಲಿ ಕೇಳಿ ತಿಳಿದುಕೊಳ್ಳಿ. ಇಲ್ಲಿಯದೇ ಉಡ, ನಕ್ಷತ್ರ ಆಮೆ ಹಿಡಿದು ಸಾಕುವುದು ಅಪರಾಧ, ಅದು ನೆನಪಿರಲಿ.

ಖಾಲಿ ಗೂಡಿನ ಒಂದು ವಾರ

ಎಲ್ಲ ಜೋಡಿಸಿದ ಮೇಲೆ ಏಳು ದಿನ ಸುಮ್ನೆ ಓಡಿಸಿ. ಒಂದು ಹಾಳೆಯಲ್ಲಿ ಬೆಳಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ ನಾಲ್ಕು ಸಲ ಬರೆಯಿರಿ: ಕಲ್ಲಿನ ಬಿಸಿ, ಎರಡೂ ತುದಿಯ ಗಾಳಿ, ತೇವ. ಮೋಡದ ದಿನ, ಬಿಸಿಲಿನ ದಿನ ಎರಡೂ ಆ ವಾರದಲ್ಲಿ ಬಂದರೆ ಒಳ್ಳೆಯದು. ನಮ್ಮ ಎರಡನೇ ಗೂಡಿನಲ್ಲಿ ಮೊದಲ ನಾಲ್ಕು ದಿನ ಎಲ್ಲ ಸರಿ ಇತ್ತು, ಐದನೇ ದಿನ ಮನೆಯ ಹೀಟಿಂಗ್ ಹಾಕಿದ ಕೂಡಲೇ ತಂಪು ತುದಿ 31ಕ್ಕೆ ಏರಿತು. ಕಾರಣ ಹುಡುಕಿದರೆ ಗೂಡಿನ ಹಿಂದೆಯೇ ರೇಡಿಯೇಟರ್! ಮೇಜನ್ನು ಎದುರು ಗೋಡೆಗೆ ಒಯ್ದ ಮೇಲೆ 25ಕ್ಕೆ ನಿಂತಿತು. ಒಳಗೆ ಪ್ರಾಣಿ ಇದ್ದಿದ್ದರೆ ಅದಕ್ಕೆ ಓಡಿಹೋಗಲು ನೆರಳೇ ಇರುತ್ತಿರಲಿಲ್ಲ.

ಮರಿ ಬಂದ ಮೇಲೆ ಮೊದಲ ವಾರ ಎತ್ತಬೇಡಿ, ಮಕ್ಕಳಿಗೂ ಹೇಳಿ. ಒಂದು ಕೈ ಎತ್ತಿ ಮೆಲ್ಲಗೆ ಬೀಸಿದರೆ ಅದು ಟಾಟಾ ಅಲ್ಲ, "ನಾನು ಸಣ್ಣವನು, ಬಿಟ್ಟುಬಿಡು" ಅಂತ. ಗಾಜಿನಲ್ಲಿ ತನ್ನದೇ ಬಿಂಬ ಕಂಡು ಪರಚುತ್ತಿದ್ದರೆ ಕೆಳಭಾಗಕ್ಕೆ ಕಾಗದ ಅಂಟಿಸಿ. ಬಿಸಿ ಕಡೆಗೆ ಹೋಗದೆ ಗುಹೆಯಲ್ಲೇ ಇದ್ದರೆ ಮೊದಲು ಬಿಸಿ ಅಳೆಯಿರಿ, ಆಮೇಲೆ ಪ್ರಾಣಿಯನ್ನು ನೋಡಿ. ದೊಡ್ಡ ಓತಿಗಳು ಚಳಿಗಾಲದಲ್ಲಿ ವಾರಗಟ್ಟಲೆ ಮಲಗುವುದುಂಟು. ಮೊದಲ ಸಲ ಹಾಗಾದಾಗ ವೈದ್ಯರಿಗೆ ತೋರಿಸಿ.

ಗೂಡು ಸರಿಯಾಗಿದೆಯಾ ಅಂತ ಹೇಳುವುದು ಬೆಳಗಿನ ಆ ಒಂದು ಗಂಟೆ. ಏಳಕ್ಕೆ ಟೈಮರ್ ಟಕ್ ಅನ್ನುತ್ತದೆ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ತೊಗಟೆಯ ಕೆಳಗಿನಿಂದ ಬೆಲ್ಲನ ಮೂತಿ ಹೊರಗೆ ಬರುತ್ತದೆ. ಆಗ ಮೈ ಹೊಗೆ ಹಿಡಿದ ಹಾಗೆ ಕಪ್ಪಗಿರುತ್ತದೆ, ಕಪ್ಪಗಿದ್ದರೆ ಬಿಸಿ ಬೇಗ ಹೀರುತ್ತದೆ. ಕೊಂಬೆ ಹತ್ತಿ, ಕಲ್ಲಿಗೆ ಇಳಿದು, ಪಕ್ಕೆಗಳನ್ನು ಅಗಲಿಸಿ ಅಕ್ಕಿರೊಟ್ಟಿ ತಟ್ಟಿದ ಹಾಗೆ ಚಪ್ಪಟೆ ಕೂರುತ್ತಾನೆ. ಅರ್ಧ ಗಂಟೆಯಲ್ಲಿ ಬೆನ್ನಿನಿಂದ ಕಪ್ಪು ಇಳಿದು ಜೋನಿ ಬೆಲ್ಲದ ಬಣ್ಣ ಬರುತ್ತದೆ. ಕೊನೆಗೆ ಬಾಯಿ ಸ್ವಲ್ಪ ತೆರೆಯುತ್ತಾನೆ, ಸಾಕಷ್ಟು ಕಾದೆ ಅಂತ ಅದರ ಅರ್ಥ, ಎರಡು ನಿಮಿಷಕ್ಕೆ ಎದ್ದು ತಾನಾಗಿ ಸೊಪ್ಪಿನ ತಟ್ಟೆ ಕಡೆ ನಡೆಯುತ್ತಾನೆ. ಹತ್ತಿದ, ಕಾದ, ಇಳಿದ. ಈ ಮೂರೂ ಆದರೆ ಅವತ್ತು ಗೂಡಿನ ಬಗ್ಗೆ ಯೋಚನೆ ಬೇಡ.

ಮೊದಲ ಸಲ ಇದನ್ನು ನೋಡಿದಾಗ ಅಮ್ಮ ಸೆರಗು ಬಾಯಿಗಿಟ್ಟುಕೊಂಡು, "ಅಯ್ಯೋ, ಇದು ನಮ್ಮ ಬೇಲಿ ಓತಿಕ್ಯಾತನೇ ಕಣೋ" ಅಂದಿದ್ದಳು. ಈಗ ತುಮಕೂರಿನಿಂದ ಫೋನ್ ಮಾಡಿದರೆ ನಮ್ಮ ತಿಂಡಿ ಆಯಿತಾ ಅಂತ ಆಮೇಲೆ ಕೇಳುತ್ತಾಳೆ. ಮೊದಲು, "ಕಲ್ಲು ಹತ್ತಿದ್ನಾ?"